‘ಇವತ್ತು ಬೇಡ’ ಎನ್ನುವವನ ಚರಿತ್ರೆ

ಹೊಳೆ ದಂಡೆಯ ಊರುಗಳಲ್ಲಿ ಬೆಳೆದವರಿಗೆ ಇದು ಗೊತ್ತು. ನೀರು ಕೆಂಪಾಗಿ ಉಕ್ಕಿ ಬಂದ ದಿನ ಅನುಭವಿ ಅಂಬಿಗ ಹರಿಗೋಲನ್ನು ದಂಡೆಯ ಮೇಲೆ ಬೋರಲು ಹಾಕಿಬಿಡುತ್ತಾನೆ. ಕಾದು ನಿಂತವರು ಮದುವೆಗೆ ಹೊರಟವರಿರಲಿ, ಊರಿನ ಸಾಹುಕಾರರಿರಲಿ, ಅವನದು ಒಂದೇ ಮಾತು: ‘ಇವತ್ತು ಆಗೋದಿಲ್ಲ ಯಜಮಾನ್ರೆ.’ ಆ ದಿನದ ಕೂಲಿ ಹೋಗುತ್ತದೆ, ಜೀವಗಳು ಉಳಿಯುತ್ತವೆ.

ಹುಟ್ಟು ಹಾಕುವುದು ಹೊಟ್ಟೆಪಾಡಾಗಿದ್ದ ಕಡೆಯಲ್ಲೆಲ್ಲ ಇಂಥ ತಿಳಿವಳಿಕೆ ಇತ್ತು. ಗ್ರೀನ್‌ಲ್ಯಾಂಡಿನ ಇನ್ಯುಯಿಟ್ ಬೇಟೆಗಾರರು ತಮ್ಮ ಮೈಯ ಅಳತೆಗೆ ತಕ್ಕಂತೆ ಸೀಲ್ ಚರ್ಮದ ಕಯಾಕ್ ಕಟ್ಟುತ್ತಿದ್ದರು. ಅದು ಮಗುಚಿದರೆ ಕೂತಲ್ಲಿಂದಲೇ ಉರುಳಿ ಮೇಲೇಳುವ ವಿದ್ಯೆಯನ್ನು ಮಕ್ಕಳಿಗೆ ಎಳವೆಯಲ್ಲೇ ಕಲಿಸುತ್ತಿದ್ದರು. ಇದನ್ನು ಹವ್ಯಾಸವಾಗಿ ಜನಪ್ರಿಯಗೊಳಿಸಿದವನು ಲಂಡನ್ನಿನ ವಕೀಲ ಜಾನ್ ಮೆಕ್‌ಗ್ರೆಗರ್. 1865ರಲ್ಲಿ ‘ರಾಬ್ ರಾಯ್’ ಎಂಬ ಪುಟ್ಟ ದೋಣಿಯಲ್ಲಿ ಯೂರೋಪಿನ ನದಿ-ಸರೋವರಗಳನ್ನು ಸುತ್ತಿ ಬಂದ ಅವನ ಪುಸ್ತಕ ಮನೆಮಾತಾಯಿತು. ಅವನು ಮುಂದೆ ನಿಂತು 1866ರಲ್ಲಿ ಕಟ್ಟಿದ ಸಂಘವೇ ಮುಂದೆ ರಾಯಲ್ ಕೆನೂ ಕ್ಲಬ್ ಎಂದು ಹೆಸರಾಯಿತು. ಒಬ್ಬೊಬ್ಬರೇ ನೀರಿಗಿಳಿಯುತ್ತಿದ್ದ ಕಡೆ ಗುಂಪು ಬಂತು. ಬಲ್ಲವರು ಹೊಸಬರಿಗೆ ಕಲಿಸುವ ಪದ್ಧತಿಯೂ ಬೆಳೆಯಿತು.

ಹವ್ಯಾಸದ ಹಿಂದೆಯೇ ವ್ಯಾಪಾರವೂ ಬಂತು. ಅದರ ಕಹಿ ಅಧ್ಯಾಯ 1993ರ ಮಾರ್ಚ್ 22ರದು. ಇಂಗ್ಲೆಂಡಿನ ಪ್ಲಿಮತ್ ನಗರದ ಶಾಲೆಯೊಂದರ ಎಂಟು ಮಂದಿ ಹದಿಹರೆಯದವರು, ಅವರ ಒಬ್ಬ ಮೇಷ್ಟ್ರು, ಸಾಹಸ ಕೇಂದ್ರದ ಇಬ್ಬರು ತರಬೇತುದಾರರು ಲೈಮ್ ರೀಜಿಸ್‌ನಿಂದ ಚಾರ್‌ಮತ್‌ಗೆ ಕಯಾಕುಗಳಲ್ಲಿ ಹೊರಟರು. ದೂರ ಮೂರು ಕಿಲೋಮೀಟರಿನಷ್ಟು. ಮಧ್ಯಾಹ್ನದ ಊಟಕ್ಕೆ ತಲುಪಬೇಕಿತ್ತು.

ಗಾಳಿ ನೆಲದಿಂದ ಕಡಲಿನ ಕಡೆಗೆ ಬೀಸುತ್ತಿತ್ತು. ಈ ಗಾಳಿ ಮೋಸದ್ದು. ದಡದ ಮರೆಯಲ್ಲಿ ನೀರು ತಟ್ಟೆಯಂತೆ ಶಾಂತವಾಗಿ ಕಾಣುತ್ತದೆ; ಸ್ವಲ್ಪ ಮುಂದೆ ಹೋದರೆ ಮರಳಲು ಬಿಡುವುದಿಲ್ಲ. ಮೇಷ್ಟ್ರ ಕಯಾಕ್ ಮತ್ತೆ ಮತ್ತೆ ಮಗುಚಿತು. ಒಬ್ಬ ತರಬೇತುದಾರ ಅವರೊಡನೆ ಉಳಿದ. ಇನ್ನೊಬ್ಬರ ಜೊತೆ ಮಕ್ಕಳು ಕಯಾಕುಗಳನ್ನು ಒಂದಕ್ಕೊಂದು ಜೋಡಿಸಿ ಹಿಡಿದು ಕಾದರು. ಗಾಳಿ ಆ ಗುಂಪನ್ನೇ ಕಡಲಿಗೆ ತಳ್ಳಿತು. ಕಯಾಕುಗಳಲ್ಲಿ ನೀರು ತುಂಬಿತು. ಸಹಾಯ ಕೇಳಲು ಬೆಳಕಿನ ಬಾಣಗಳೂ ಇರಲಿಲ್ಲ. ಕರಾವಳಿ ಕಾವಲು ಪಡೆಗೆ ಸುದ್ದಿ ಮುಟ್ಟುವ ಹೊತ್ತಿಗೆ ಗಂಟೆಗಳೇ ಕಳೆದಿದ್ದವು. ಮಾರ್ಚ್ ತಿಂಗಳ ಆ ಕೊರೆಯುವ ನೀರಿನಲ್ಲಿ ನಾಲ್ವರು ವಿದ್ಯಾರ್ಥಿಗಳು ತೀರಿಕೊಂಡರು.

ವಿಚಾರಣೆಯಲ್ಲಿ ಹೊರಬಂದ ಸಂಗತಿ ಇನ್ನೂ ಕರುಳು ಹಿಂಡುವಂಥದು. ದುರಂತಕ್ಕೆ ತಿಂಗಳುಗಳ ಮೊದಲೇ, 1992ರಲ್ಲಿ, ಕೆಲಸ ಬಿಟ್ಟು ಹೋದ ಇಬ್ಬರು ತರಬೇತುದಾರರು ಕೇಂದ್ರದ ಮಾಲೀಕರಿಗೆ ಕಾಗದ ಬರೆದಿದ್ದರು. ಸುರಕ್ಷತೆಯ ಕಡೆ ಗಮನ ಕೊಡದಿದ್ದರೆ, ಮಗು ಮನೆಗೆ ಏಕೆ ಮರಳುವುದಿಲ್ಲವೆಂದು ಒಂದು ದಿನ ಹೆತ್ತವರಿಗೆ ನೀವೇ ವಿವರಿಸಬೇಕಾದೀತು ಎಂಬುದು ಅದರ ಸಾರ. ‘ಬೇಡ’ ಎಂದವರಿದ್ದರು, ಕೇಳುವ ಕಿವಿ ಇರಲಿಲ್ಲ.

1994ರ ಡಿಸೆಂಬರಿನಲ್ಲಿ ನ್ಯಾಯಾಲಯ ಆ ಕಂಪನಿಯನ್ನೇ ನರಹತ್ಯೆಯ ಅಪರಾಧಿಯೆಂದು ಘೋಷಿಸಿತು. ಇಂಗ್ಲೆಂಡಿನ ಕಾನೂನಿನ ಚರಿತ್ರೆಯಲ್ಲಿ ಅದೇ ಮೊದಲು. ಕಂಪನಿಗೆ 60,000 ಪೌಂಡ್ ದಂಡ ಬಿತ್ತು. ವ್ಯವಸ್ಥಾಪಕ ನಿರ್ದೇಶಕ ಜೈಲು ಸೇರಿದ. ಮಕ್ಕಳನ್ನು ಕಳೆದುಕೊಂಡವರ ಹೋರಾಟಕ್ಕೆ ಪ್ಲಿಮತ್‌ನ ಸಂಸದ ಡೇವಿಡ್ ಜೇಮಿಸನ್ ದನಿಯಾದರು. ಅವರು ಮಂಡಿಸಿದ ಖಾಸಗಿ ಮಸೂದೆ 1995ರಲ್ಲಿ ಕಾಯಿದೆಯಾಯಿತು. ಹದಿನೆಂಟು ತುಂಬದವರನ್ನು ಇಂಥ ಸಾಹಸಕ್ಕೆ ಕರೆದೊಯ್ಯುವ ವ್ಯಾಪಾರಿ ಕೇಂದ್ರಗಳಿಗೆ 1996ರಿಂದ ಪರವಾನಗಿ ಕಡ್ಡಾಯವಾಯಿತು.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ತನ್ನ ಸದಸ್ಯರಿಗಾಗಿಯೇ ನಡೆಯುವ ಊರಿನ ಸಣ್ಣ ಕ್ಲಬ್ಬಿಗೆ ಆ ಪರವಾನಗಿ ಬೇಕಿರಲಿಲ್ಲ. ಅಂದರೆ ಅಲ್ಲಿ ಸದಸ್ಯರ ಜೀವ ಕಾಯುವುದು ಸಂಘದ ಶಿಸ್ತೇ. ಹೊರಡುವವರು ಎಷ್ಟು ಮಂದಿ, ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸು ಎಂಬುದನ್ನು ದಡದಲ್ಲಿ ಒಬ್ಬರಿಗೆ ತಿಳಿಸಿಯೇ ಹೊರಡಬೇಕು. ಬಾರದಿದ್ದರೆ ಯಾವ ಹೊತ್ತಿಗೆ ಸಹಾಯಕ್ಕೆ ಕರೆ ಮಾಡಬೇಕೆಂಬುದೂ ಮೊದಲೇ ತೀರ್ಮಾನವಾಗಿರಬೇಕು. ಮುಂದೊಬ್ಬ ಬಲ್ಲವ, ಕೊನೆಯಲ್ಲೊಬ್ಬ ಬಲ್ಲವ. ಎಲ್ಲರಿಗೂ ಲೈಫ್ ಜಾಕೆಟ್, ಸೀಟಿ. ಮಗುಚಿದಾಗ ಮೇಲೆತ್ತುವುದನ್ನು ಮೊದಲು ದಡದ ಹತ್ತಿರವೇ ಕಲಿಯಬೇಕು. ದಿನವನ್ನು ಅಳೆಯಬೇಕಾದದ್ದು ಗುಂಪಿನ ಗಟ್ಟಿಗನ ತೋಳಿನಿಂದಲ್ಲ, ತೀರ ಹೊಸಬನ ತೋಳಿನಿಂದ. ಇವು ದುಬಾರಿ ಸಂಗತಿಗಳೇನಲ್ಲ. ಮುಖ್ಯಸ್ಥ ‘ಇವತ್ತು ಬೇಡ’ ಎಂದಾಗ ಅವನನ್ನು ಹೇಡಿ ಎನ್ನದಿರುವುದೇ ನಿಜವಾಗಿ ಕಷ್ಟದ ನಿಯಮ.

ಇದೆಲ್ಲ ದೂರದ ಇಂಗ್ಲೆಂಡಿನ ಕಥೆಯೆಂದು ನಾವು ಪುಟ ಮಗುಚುವಂತಿಲ್ಲ. 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ಮಿತಿಮೀರಿ ತುಂಬಿದ್ದ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಅನೇಕರಿಗೆ ಲೈಫ್ ಜಾಕೆಟ್ ಇರಲಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ನಮ್ಮದೇ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ಕಡಲುಪಾಲಾದರು. ಇಂದು ದಾಂಡೇಲಿಯ ಕಾಳಿ ನದಿಯಲ್ಲಿ, ಸಾಲಿಗ್ರಾಮದ ಕಾಂಡ್ಲಾ ಕಾಡಿನ ಹಿನ್ನೀರಿನಲ್ಲಿ ಕಯಾಕುಗಳು ತೇಲುತ್ತಿವೆ. ಸಂತೋಷವೇ. ನೀರಿಗೆ ಹೆದರಿ ದೂರ ನಿಲ್ಲುವ ಮಕ್ಕಳಿಗಿಂತ ನೀರನ್ನು ಅರಿತ ಮಕ್ಕಳು ನಮಗೆ ಬೇಕು.

ನಮ್ಮ ಮನೆಗಳಲ್ಲಿ ‘ಅಮಾನತ್’ ಎಂಬ ಮಾತಿದೆ. ನಂಬಿ ಒಪ್ಪಿಸಿದ್ದನ್ನು ಹಾಗೆಯೇ ಹಿಂತಿರುಗಿಸಬೇಕು ಎಂದು ಅದರರ್ಥ. ಕೈಯಲ್ಲಿ ಊಟದ ಡಬ್ಬಿ ಕೊಟ್ಟು ಬೆಳಿಗ್ಗೆ ಕಳುಹಿಸಿದ ಮಗುವಿಗಿಂತ ದೊಡ್ಡ ಅಮಾನತ್ ಯಾವುದಿದೆ? ಗಾಳಿ ಕೆಟ್ಟಿದೆಯೆಂದು ನಾಳೆ ಯಾರಾದರೂ ದೋಣಿಯನ್ನು ದಂಡೆಗೆ ಎಳೆದರೆ, ಕೊಟ್ಟ ದುಡ್ಡಿನ ಲೆಕ್ಕ ತೆಗೆದು ಜಗಳಕ್ಕೆ ನಿಲ್ಲುವುದು ಬೇಡ. ಅವನಿಗೊಂದು ಸಲಾಮು ಹೇಳಿ, ಮಕ್ಕಳ ಕೈಹಿಡಿದು ಮನೆಗೆ ಮರಳೋಣ.