ಕೋವಿಗೆ ಪೂಜೆಯೂ ಉಂಟು, ಕಟ್ಟಳೆಯೂ ಉಂಟು

ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಬೆಳೆಯುವ ನಮ್ಮ ಅನೇಕ ಮಕ್ಕಳು ಕೋವಿಯನ್ನು ಹತ್ತಿರದಿಂದ ಕಾಣುವುದು ರಜೆಯಲ್ಲಿ ಕೊಡಗಿನ ಬಂಧುಗಳ ಮನೆಗೆ ಹೋದಾಗ. ಅಲ್ಲಿ ಅದು ಪೂಜೆಯ ವಸ್ತು. ಇಲ್ಲಿ ಬೀಗದೊಳಗಿನ ವಸ್ತು. ಈ ಎರಡು ನಡವಳಿಕೆಗಳು ಪರಸ್ಪರ ವಿರುದ್ಧವೆಂದು ತೋರಬಹುದು. ಇತಿಹಾಸ ಬೇರೆಯದನ್ನೇ ಹೇಳುತ್ತದೆ.

1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ನಿಶ್ಶಸ್ತ್ರೀಕರಣ ಕಾಯಿದೆಯಿಂದ ವಿನಾಯಿತಿ ನೀಡಿದರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಇಂದಿನ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ವಿಸ್ತರಿಸಿತು. ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಹಕ್ಕಿನ ಈ ಕಥೆ ಎಲ್ಲರಿಗೂ ಗೊತ್ತು. ಅದರೊಡನೆ ಇದ್ದ ಸಂಯಮದ ಕಥೆ ಅಷ್ಟಾಗಿ ಗೊತ್ತಿಲ್ಲ. ಗದ್ದೆ ಕೆಲಸದ ದಿನಗಳಲ್ಲಿ ಆಯುಧಗಳನ್ನು ದೇವರ ಕೋಣೆಯಲ್ಲಿ ಇರಿಸುವುದು ಹಿಂದಿನ ಪದ್ಧತಿ. ನಾಟಿ ಮುಗಿದ ಬಳಿಕ, ಸೆಪ್ಟೆಂಬರ್ ಆರಂಭದ ಕೈಲ್ ಪೊಳ್ದ್ ಹಬ್ಬದಂದು ಅವುಗಳನ್ನು ಹೊರತೆಗೆದು, ತೋಕ್ ಪೂವಿನಿಂದ ಸಿಂಗರಿಸಿ ಪೂಜಿಸುತ್ತಿದ್ದರು. ಕೋವಿಗೆ ಕಾಲವೂ ಸ್ಥಳವೂ ಗೊತ್ತುಪಡಿಸಲ್ಪಟ್ಟಿದ್ದವು.

ಆಸ್ಟ್ರೇಲಿಯಾ ಈ ಪಾಠವನ್ನು ಕಣ್ಣೀರಿನಿಂದ ಕಲಿಯಿತು. 1996ರ ಏಪ್ರಿಲ್ 28ರಂದು ಟಾಸ್ಮೇನಿಯಾದ ಪೋರ್ಟ್ ಆರ್ಥರ್‌ನಲ್ಲಿ 35 ಮಂದಿ ಹತರಾದರು. ಎರಡೇ ವಾರದೊಳಗೆ ರಾಷ್ಟ್ರೀಯ ಬಂದೂಕು ಒಪ್ಪಂದವಾಯಿತು, ಸುಮಾರು 6.5 ಲಕ್ಷ ಬಂದೂಕುಗಳನ್ನು ಸರ್ಕಾರ ಹಣಕೊಟ್ಟು ಹಿಂಪಡೆಯಿತು. ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯಾ ಅದೇ ವರ್ಷ ಹೊಸ ಕಾಯಿದೆಗಳನ್ನು ತಂದವು. ಬಂದೂಕಿಗೆ ಬೀಗ, ತೋಟಾಗಳಿಗೆ ಬೇರೊಂದು ಬೀಗ ಎಂಬುದು ಇಲ್ಲಿನ ನಿಯಮ. ಹತ್ಯಾಕಾಂಡದಿಂದ ಹುಟ್ಟಿದ ಈ ನಿಯಮ ಆಕಸ್ಮಿಕ ಗುಂಡಿನಿಂದಲೂ ಮನೆಯನ್ನು ಕಾಯುತ್ತದೆ.

‘ಗುಂಡಿಲ್ಲವೆಂದುಕೊಂಡಿದ್ದೆ’ ಎಂಬ ಮಾತು ಯಾವ ಗಾಯವನ್ನೂ ಮಾಯಿಸದೆಂದು ವೈದ್ಯವೃತ್ತಿಯವನಾದ ನಾನು ಬಲ್ಲೆ. ಆದುದರಿಂದ ಪ್ರತಿಯೊಂದು ಕೋವಿಯೂ ಗುಂಡು ತುಂಬಿದ್ದೆಂದೇ ಭಾವಿಸಬೇಕು. ನಳಿಗೆ ಎಂದಿಗೂ ಮನುಷ್ಯರತ್ತ ತಿರುಗಕೂಡದು. ಹಾಗಿದ್ದಲ್ಲಿ ಗುಂಡು ತಪ್ಪಿ ಸಿಡಿದರೂ ಜೀವ ಉಳಿದೀತು. ಗುರಿಯನ್ನೂ ಅದರ ಹಿಂಬದಿಯನ್ನೂ ಕಂಡು ನಿರ್ಧರಿಸುವವರೆಗೆ ಬೆರಳು ಟ್ರಿಗರ್ ಮುಟ್ಟಬಾರದು. ಕೈಬದಲಾಯಿಸುವ ಮುನ್ನ, ಪೂಜೆಗೆ ಇಡುವ ಮುನ್ನ, ಬಲ್ಲವರು ಕೋವಿಯನ್ನು ತೆರೆದು, ನಳಿಗೆ ಬರಿದಾಗಿದೆಯೆಂದು ಕಣ್ಣಾರೆ ಕಾಣಬೇಕು.

ಡಿಸೆಂಬರ್ ರಜೆಗೆ ಊರಿಗೆ ಹೊರಡುವ ಬಂಧುಗಳಲ್ಲಿ ಒಂದು ವಿನಂತಿ. ಕೋವಿ ಕಂಡರೆ ಮುಟ್ಟದೆ ದೂರ ಸರಿದು ಹಿರಿಯರಿಗೆ ತಿಳಿಸುವಂತೆ ಮಕ್ಕಳಿಗೆ ಮೊದಲೇ ಕಲಿಸಿರಿ. ‘ಕೋವಿಯನ್ನು ಎಲ್ಲಿ ಇಟ್ಟಿದ್ದೀರಿ, ಬೀಗ ಹಾಕಿದೆಯೇ?’ ಎಂದು ಮನೆಯ ಹಿರಿಯರನ್ನು ವಿನಯದಿಂದ ಕೇಳಲು ಸಂಕೋಚ ಬೇಡ. ಆಯುಧವನ್ನು ದೇವರ ಕೋಣೆಯಲ್ಲಿಟ್ಟು ಕಾಯ್ದ ಹಿರಿಯರ ಪರಂಪರೆಗೆ ಅದು ಅವಮಾನವಲ್ಲ, ಗೌರವ.