ಜೊತೆಗೆ ಬಂದವರು ಎಲ್ಲಿ ಮಲಗಿದರು?

ಎರಡು ವರ್ಷದ ಹಿಂದೆ ಅಪ್ಪನಿಗೆ ಗಂಟಲಿನ ಕ್ಯಾನ್ಸರ್ ಎಂದು ಗೊತ್ತಾದಾಗ ನಾವು ಕಡೂರಿನಿಂದ ಚಿಕ್ಕಪ್ಪನ ಓಮ್ನಿಯಲ್ಲಿ ಬೆಂಗಳೂರಿಗೆ ಹೊರಟೆವು. ಅಮ್ಮ ಎರಡು ಕಂಬಳಿ, ಸಣ್ಣ ಗ್ಯಾಸ್ ಒಲೆ, ಕುಕ್ಕರು, ರಾಗಿ ಹಿಟ್ಟಿನ ಡಬ್ಬಿ ಎಲ್ಲವನ್ನೂ ಸೀಟಿನ ಕೆಳಗೆ ತುರುಕಿದ್ದಳು. "ಆಸ್ಪತ್ರೆಗೆ ಹೋಗ್ತಿದೀವಿ, ಸಂಸಾರ ಹೂಡೋಕಲ್ಲ" ಎಂದು ನಾನು ರೇಗಿದೆ. ಅವಳು ಉತ್ತರ ಕೊಡಲಿಲ್ಲ.

ರಾಜಾಜಿನಗರದ ಕಡೆಯ ಆಸ್ಪತ್ರೆಯೊಂದರಲ್ಲಿ ವೈದ್ಯರು ಎಲ್ಲವನ್ನೂ ತಾಳ್ಮೆಯಿಂದ ವಿವರಿಸಿದರು. ವಾರಕ್ಕೆ ಐದು ದಿನದಂತೆ ಏಳು ವಾರ, ಒಟ್ಟು 35 ಸಲ ರೇಡಿಯೇಷನ್. ಒಂದೊಂದು ಸಲಕ್ಕೆ ಕಾಲು ಗಂಟೆ ಸಾಕು. ಅಡ್ಮಿಟ್ ಆಗಬೇಕಿಲ್ಲ, ದಿನಾ ಬಂದು ಹೋದರಾಯಿತು. ಸುಮಾರು 200 ಕಿಲೋಮೀಟರ್ ದೂರದಿಂದ ಬಂದವರು ದಿನಾ ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕು ಎನ್ನುವುದನ್ನು ಅವರೂ ಹೇಳಲಿಲ್ಲ, ನಮಗೂ ಕೇಳಲು ತೋಚಲಿಲ್ಲ.

ಮೊದಲ ಎರಡು ರಾತ್ರಿ ಆಸ್ಪತ್ರೆಯ ಹಿಂದಿನ ಅಡ್ಡರಸ್ತೆಯಲ್ಲಿ ಓಮ್ನಿ ನಿಲ್ಲಿಸಿಕೊಂಡು ಅದರಲ್ಲೇ ಮಲಗಿದೆವು. ಅಪ್ಪ ಹಿಂದಿನ ಸೀಟಿನಲ್ಲಿ, ಅಮ್ಮ ಕೆಳಗೆ ಕಾಲು ಮಡಚಿಕೊಂಡು, ಚಿಕ್ಕಪ್ಪ ಮತ್ತು ನಾನು ಮುಂದೆ ಕೂತಲ್ಲೇ. ರಾತ್ರಿ ಹನ್ನೆರಡರ ಹೊತ್ತಿಗೆ ಯಾರೋ ಗಾಜು ತಟ್ಟಿ "ಗಾಡಿ ತೆಗೀರಿ" ಎನ್ನುವರು. ನಾವು ಇನ್ನೊಂದು ಅಡ್ಡರಸ್ತೆ ಹುಡುಕುವೆವು.

ನನ್ನ ಪಿಎಚ್.ಡಿ. ವಿಷಯ ಹಳೇ ಮೈಸೂರು ಸಂಸ್ಥಾನದ ಆಸ್ಪತ್ರೆಗಳ ಚರಿತ್ರೆ. ವಿಕ್ಟೋರಿಯಾ ಆಸ್ಪತ್ರೆಗೆ 1897ರಲ್ಲಿ ಅಡಿಗಲ್ಲು ಬಿದ್ದದ್ದು, 1900ರ ಡಿಸೆಂಬರಿನಲ್ಲಿ ಲಾರ್ಡ್ ಕರ್ಜನ್ ಅದನ್ನು ಉದ್ಘಾಟಿಸಿದ್ದು ನನಗೆ ಬಾಯಿಪಾಠ. ಎಷ್ಟು ಹಾಸಿಗೆ, ಎಷ್ಟು ರೋಗಿಗಳು, ಎಷ್ಟು ಶಸ್ತ್ರಕ್ರಿಯೆ ಎಂಬ ಅಂಕಿಗಳನ್ನು ವರ್ಷಗಟ್ಟಲೆ ನಕಲು ಮಾಡಿಕೊಂಡಿದ್ದೇನೆ. ಆದರೆ ಒಂದು ಹಾಸಿಗೆಯ ಹಿಂದೆ ಊರಿಂದ ಬಂದ ಹೆಂಡತಿ, ಮಗ, ಅಕ್ಕ, ಭಾವ ಇದ್ದಿರಲೇಬೇಕಲ್ಲ? ಅವರು ಎಲ್ಲಿ ಮಲಗಿದರು, ಎಲ್ಲಿ ಗಂಜಿ ಕಾಯಿಸಿದರು? ಓಮ್ನಿಯಲ್ಲಿ ಕೂತು ತೂಕಡಿಸುವವರೆಗೆ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಹಳಬರಿಗೆ ಇದು ಪ್ರಶ್ನೆಯೇ ಆಗಿರಲಿಲ್ಲ ಎಂದು ಹೇಳಲಾರೆ. ಆದರೆ ಕೆಲವರು ಅದನ್ನು ಗಂಭೀರವಾಗಿ ತೆಗೆದುಕೊಂಡಿದ್ದರು. ಚರಕಸಂಹಿತೆ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ರೋಗಿ ಮತ್ತು ರೋಗಿಯ ಬಳಿಯಿದ್ದು ಆರೈಕೆ ಮಾಡುವವನು. ಅಂದರೆ ಜೊತೆಗಿರುವವನು ಬರಿಯ ನೋಡುಗನಲ್ಲ, ಚಿಕಿತ್ಸೆಯ ಕಾಲು ಭಾಗ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಮಠದ ಬಗ್ಗೆ 1162ರ ಶಾಸನವೊಂದಿದೆ. ಅಲ್ಲಿ ವೇದ, ವ್ಯಾಕರಣಗಳ ಪಾಠ ನಡೆಯುತ್ತಿತ್ತು. ದೀನರು, ಅನಾಥರು, ಕುಂಟರು, ಕುರುಡರಿಗೆ ಊಟವಿತ್ತು. ರೋಗಿಗಳಿಗೆ ಔಷಧವೂ ಸಿಗುತ್ತಿತ್ತು. ಓದು, ಊಟ, ಮದ್ದು ಒಂದೇ ಸೂರಿನಡಿ ಇದ್ದವು. ಮದ್ದಿಗೆ ಬಂದವನಿಗೆ ಊಟ ಬೇಕಾಗುತ್ತದೆ ಎಂಬುದು ಆ ಶಾಸನ ಬರೆಸಿದವರಿಗೆ ಗೊತ್ತಿತ್ತು.

ಆಧುನಿಕ ಬೆಂಗಳೂರಿನಲ್ಲಿ ಇವು ಬೇರೆಬೇರೆಯಾದವು. ಮಾರುಕಟ್ಟೆಯ ಪಕ್ಕ 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ಎದ್ದಿತು. ಮೂರು ವರ್ಷದ ಮೇಲೆ, 1903ರಲ್ಲಿ, ಸಿಟಿ ರೈಲ್ವೆ ನಿಲ್ದಾಣದ ಎದುರು ಗುಬ್ಬಿ ತೋಟದಪ್ಪನವರ ಛತ್ರ ತೆರೆಯಿತು. ಗುಬ್ಬಿಯಿಂದ ಬಂದು ಮಾಮೂಲುಪೇಟೆಯಲ್ಲಿ ವ್ಯಾಪಾರ ಮಾಡಿ ಗಳಿಸಿದ್ದನ್ನು ಅವರು ಯಾತ್ರಿಕರಿಗೂ ವಿದ್ಯಾರ್ಥಿಗಳಿಗೂ ಕೊಟ್ಟರು. ಚಿಕಿತ್ಸೆ ಸರ್ಕಾರದ ಕೆಲಸವಾಯಿತು, ತಂಗುವುದು ಧರ್ಮದ ಕೆಲಸವಾಯಿತು. ಎರಡರ ನಡುವಿನ ದಾರಿಯನ್ನು ರೋಗಿಯ ಮನೆಯವರು ನಡೆದು ಸವೆಸಬೇಕಾಯಿತು.

ಛತ್ರಗಳನ್ನು ನೆನೆದು ಹಳಹಳಿಸುವುದು ಸುಲಭ. ಆದರೆ ಛತ್ರದ ವಾಡಿಕೆ ಸಾಮಾನ್ಯವಾಗಿ ಮೂರು ದಿನ. ಅದು ದಾರಿಹೋಕನ ಲೆಕ್ಕ. ಏಳು ವಾರದ ಕಾಯಿಲೆ ಆ ಲೆಕ್ಕಕ್ಕೆ ಹೊಂದುವುದಿಲ್ಲ. ಜೊತೆಗೆ ಎಷ್ಟೋ ಛತ್ರಗಳು ಜಾತಿಗೊಂದರಂತೆ ಕಟ್ಟಿದವು. ಯಾರ ಅಡುಗೆಮನೆಗೆ ಯಾರು ಹೋಗಬಹುದು ಎಂಬುದು ಹಸಿವಿಗಿಂತ ಮೊದಲೇ ತೀರ್ಮಾನವಾಗಿರುತ್ತಿತ್ತು.

ಸರ್ಕಾರ ರೋಗಿಯ ಮನೆಯವರನ್ನು ಲೆಕ್ಕಕ್ಕೆ ತೆಗೆದುಕೊಂಡ ಒಂದು ಸಂದರ್ಭವಿದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ರೋಗಿಗಳ ಜೊತೆಗಿದ್ದವರನ್ನೂ ಮನೆಯಿಂದ ಹೊರಡಿಸಿ ಊರಾಚೆಯ ಶಿಬಿರಗಳಲ್ಲಿ ಇರಿಸಿದರು. ಆರೈಕೆ ಮಾಡುವವರೆಂದಲ್ಲ, ರೋಗ ಹರಡುವವರೆಂಬ ಅನುಮಾನದಿಂದ.

ಮೂರನೆಯ ದಿನ ಚಿಕ್ಕಪ್ಪ ಅಪ್ಪ ಅಮ್ಮನನ್ನು ಓಮ್ನಿಯಲ್ಲಿ ಕೂರಿಸಿಕೊಂಡಿದ್ದರೆ ನಾನು ಬಸವೇಶ್ವರನಗರ, ವಿಜಯನಗರದ ರಸ್ತೆಗಳಲ್ಲಿ "ಮನೆ ಬಾಡಿಗೆಗಿದೆ" ಬೋರ್ಡು ಹುಡುಕುತ್ತಾ ಅಲೆದೆ. ಎಲ್ಲೆಡೆ ಮೂರೇ ಪ್ರಶ್ನೆ. ಎಷ್ಟು ತಿಂಗಳಿಗೆ? ನೀವು ಯಾವ ಪೈಕಿ? ಏನು ಕಾಯಿಲೆ? ಮೊದಲ ಎರಡನ್ನು ದಾಟಿದರೂ ಮೂರನೆಯದರಲ್ಲಿ ಸೋಲುತ್ತಿದ್ದೆ. "ಕ್ಯಾನ್ಸರ್ರಾ? ನಮ್ಮನೇಲಿ ಚಿಕ್ಕ ಮಕ್ಕಳಿದಾರೆ ಕಣಪ್ಪ" ಎಂದು ಒಬ್ಬರು ಬಾಗಿಲು ಹಾಕಿಕೊಂಡರು. ಕ್ಯಾನ್ಸರ್ ಮುಟ್ಟಿದರೆ ಅಂಟುವುದಿಲ್ಲ ಎಂದು ನಾನು ಮುಚ್ಚಿದ ಬಾಗಿಲಿಗೆ ಹೇಳಿ ಬಂದೆ. 1898ರ ಆ ಅನುಮಾನ ಇನ್ನೂ ಹೋಗಿಲ್ಲ ಅನ್ನಿಸಿತು.

ಲಾಡ್ಜು ಏಕೆ ಆಗಲಿಲ್ಲ ಎಂದು ಸ್ನೇಹಿತರು ಕೇಳಿದ್ದುಂಟು. ಬಾಡಿಗೆಯ ಮಾತು ಒಂದಾದರೆ, ಲಾಡ್ಜಿನಲ್ಲಿ ಒಲೆ ಹಚ್ಚುವಂತಿಲ್ಲ. ಗಂಟಲಿಗೆ ರೇಡಿಯೇಷನ್ ಕೊಟ್ಟರೆ ಎರಡು ಮೂರು ವಾರದಲ್ಲಿ ಬಾಯಿಯೊಳಗೆ ಹುಣ್ಣೇಳುತ್ತದೆ, ಎಂಜಲು ಆರುತ್ತದೆ, ಖಾರ ಹುಳಿ ತಾಗಿದರೆ ಪ್ರಾಣ ಹೋಗುತ್ತದೆ. ತೆಳ್ಳಗಿನ ಗಂಜಿ, ಮೆತ್ತಗಿನ ಅನ್ನ, ಅದೂ ಎರಡೆರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ತೂಕ ಇಳಿದರೆ ಚಿಕಿತ್ಸೆಯೇ ನಿಲ್ಲಬಹುದು. ಆ ದಿನಗಳಲ್ಲಿ ಅಪ್ಪನನ್ನು ಉಳಿಸಿದ್ದರಲ್ಲಿ ಯಂತ್ರದ ಪಾಲೆಷ್ಟು, ಅಮ್ಮ ಸೀಟಿನ ಕೆಳಗೆ ತುರುಕಿದ ಒಲೆಯ ಪಾಲೆಷ್ಟು ಎಂದು ಬೇರ್ಪಡಿಸಲು ನನಗೆ ಬರುವುದಿಲ್ಲ.

ಕೊನೆಗೆ ಕೆಂಗೇರಿ ಉಪನಗರದಲ್ಲಿ ಅಜ್ಜಿಯೊಬ್ಬರು ತಾರಸಿಯ ಮೇಲಿನ ರೂಮು ಕೊಟ್ಟರು. ಅವರು ಕೇಳಿದ್ದು ಒಂದೇ ಮಾತು: "ಮೆಟ್ಲು ಹತ್ತಕ್ಕಾಗತ್ತಾ ಅವ್ರಿಗೆ?" 2021ರಲ್ಲಿ ನೇರಳೆ ಮೆಟ್ರೋ ಕೆಂಗೇರಿಯವರೆಗೆ ಬಂದದ್ದು ನಮ್ಮ ಪುಣ್ಯ. ಅಲ್ಲಿಂದ ಮೆಜೆಸ್ಟಿಕ್, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ರಾಜಾಜಿನಗರ. ತೋಟದಪ್ಪನವರ ಛತ್ರವಿರುವ ಮೆಜೆಸ್ಟಿಕ್‌ನ ನೆಲದಡಿಯಲ್ಲಿ ಅಪ್ಪ ಟವೆಲಿನಿಂದ ಕುತ್ತಿಗೆ ಮುಚ್ಚಿಕೊಂಡು ನಿಧಾನ ನಡೆಯುತ್ತಿದ್ದರು.

ಈ ತೊಂದರೆ ನಮ್ಮ ಊರಿನದು ಮಾತ್ರವಲ್ಲ. ಅಮೆರಿಕದಲ್ಲಿ ಚಿಕಿತ್ಸೆಗೆ ದೂರ ಹೋಗುವ ಕೆಲವರು ಆರ್‌ವಿ ಎಂಬ ಚಕ್ರದ ಮೇಲಿನ ಮನೆಯಲ್ಲಿ ಹೋಗುತ್ತಾರೆ. ನಗರದ ಆರ್‌ವಿ ಪಾರ್ಕಿನಲ್ಲಿ ನಿಲ್ಲಿಸಿದರೆ ನೀರು, ವಿದ್ಯುತ್ತಿನ ಸಂಪರ್ಕ ಸಿಗುತ್ತದೆ. ಒಳಗೆ ಒಲೆಯೂ ಇರುತ್ತದೆ. ಓದಿದಾಗ ನಮ್ಮ ಓಮ್ನಿ ನೆನಪಾಗಿ ನಗು ಬಂತು. ಆದರೆ ಕಮಾನು ಗಾಡಿ ಕಟ್ಟಿಕೊಂಡು ಹೊರಟು, ಗುಂಡುತೋಪಿನಲ್ಲಿ ಎತ್ತು ಬಿಚ್ಚಿ, ಮೂರು ಕಲ್ಲು ಹೂಡಿ ಅಡುಗೆ ಮಾಡುತ್ತಿದ್ದ ನಮ್ಮ ಮುತ್ತಜ್ಜಂದಿರದೂ ಅದೇ ಏರ್ಪಾಡು. ಗಾಡಿ ನಿಲ್ಲಿಸಲು ನೆರಳು, ಕುಡಿಯಲು ನೀರು, ಯಾರೂ ಎಬ್ಬಿಸದ ರಾತ್ರಿ. ಬೇಕಾದದ್ದು ಅಷ್ಟೇ. ಈಗ ತೋಪುಗಳು ಬಡಾವಣೆಗಳಾಗಿವೆ.

ಆಸ್ಪತ್ರೆಯೇ ಮನೆಯವರನ್ನು ಒಳಗೆ ಕರೆದ ಉದಾಹರಣೆಯೂ ಇದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಕುಟುಂಬದವರನ್ನು ಜೊತೆಗೇ ಇರಿಸಿಕೊಂಡರು. ಮನೆಯವರು ಜೊತೆಗಿದ್ದುದರಿಂದ ರೋಗವನ್ನು ಅರ್ಥ ಮಾಡಿಕೊಂಡರು, ಗುಣವಾದವರನ್ನು ಅಂಜದೆ ಮನೆಗೆ ಕರೆದುಕೊಂಡು ಹೋದರು. ಮುಂದೆ ವೆಲ್ಲೂರಿನಲ್ಲೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಕುಟುಂಬದವರು ಜೊತೆಗಿರುವ ವಾರ್ಡುಗಳಾದವು. ಕಿದ್ವಾಯಿಯ ಬಳಿ ಧರ್ಮಶಾಲೆ ಬಂತು. ಇವೆಲ್ಲ ಇರುವುದು ಊರಿನ ದಕ್ಷಿಣ ಭಾಗದಲ್ಲಿ. ರಾಜಾಜಿನಗರ ಕೈಗಾರಿಕೆಗಳ ಸುತ್ತ ಬೆಳೆದ ಬಡಾವಣೆ. ಅಲ್ಲಿಯ ಇಎಸ್‌ಐ ಆಸ್ಪತ್ರೆ ಕಾರ್ಮಿಕ ಕುಟುಂಬಗಳಿಗೆಂದೇ ಆದದ್ದು. ಪಕ್ಕದ ಬೀದಿಯಿಂದ ಬರುವ ರೋಗಿಗೆ ತಂಗಲು ಜಾಗ ಬೇಕಿಲ್ಲ. ಈಗ ಕಡೂರು, ಹೊಸದುರ್ಗ, ಹಾಸನದಿಂದಲೂ ರೋಗಿಗಳು ಪಶ್ಚಿಮ ಬೆಂಗಳೂರಿಗೆ ಬರುತ್ತಾರೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ. ದೊಡ್ಡ ಮಾತೇ. ಆದರೆ ತಾರಸಿ ರೂಮಿನ ಬಾಡಿಗೆ ಅದರಲ್ಲಿ ಸೇರುವುದಿಲ್ಲ. ಕಾಯುವ ಕೋಣೆಯಲ್ಲಿ ಪರಿಚಯವಾದ ಹೊಸದುರ್ಗದ ಕಡೆಯವರೊಬ್ಬರು ಹದಿನೆಂಟನೆಯ ಸಲಕ್ಕೇ ನಿಲ್ಲಿಸಿ ಊರಿಗೆ ಹೋದರು. ಚಿಕಿತ್ಸೆಗೆ ದುಡ್ಡು ಕಟ್ಟಬೇಕಿರಲಿಲ್ಲ. ಇರಲು ಜಾಗವಿರಲಿಲ್ಲ, ಅಷ್ಟೇ. ಕಡತದಲ್ಲಿ 'ಚಿಕಿತ್ಸೆ ಪೂರ್ಣಗೊಳಿಸಲಿಲ್ಲ' ಎಂದು ಬರೆದಿರಬಹುದು. ಐವತ್ತು ವರ್ಷದ ನಂತರ ನನ್ನಂಥ ಸಂಶೋಧಕನೊಬ್ಬ ಅದನ್ನು ಓದಿ, ಜನರಿಗೆ ಆಧುನಿಕ ವೈದ್ಯದಲ್ಲಿ ನಂಬಿಕೆ ಸಾಲದು ಎಂದು ಟಿಪ್ಪಣಿ ಮಾಡಿಕೊಂಡಾನು. ನಾನೇ ಅಂಥ ಟಿಪ್ಪಣಿಗಳನ್ನು ಮಾಡಿಕೊಂಡಿದ್ದೇನೆ. ಈಗ ಒಂದೊಂದಾಗಿ ಮತ್ತೆ ನೋಡುತ್ತಿದ್ದೇನೆ.

ಅಪ್ಪ 35 ಸಲವನ್ನೂ ಮುಗಿಸಿದರು. ಈಗ ಮುದ್ದೆಯನ್ನು ಸ್ವಲ್ಪ ಸಾರು ಹೆಚ್ಚು ಹಾಕಿಕೊಂಡು ನುಂಗುತ್ತಾರೆ. ನನ್ನ ಪ್ರಬಂಧಕ್ಕೆ ಜೊತೆಗೆ ಬಂದವರ ಬಗ್ಗೆ ಒಂದು ಅಧ್ಯಾಯ ಸೇರಿದೆ; ಆಧಾರಗಳು ಮಾತ್ರ ಬಹಳ ಕಡಿಮೆ. ಸರ್ಕಾರಿ ವರದಿಗಳಲ್ಲಿ ಅವರಿಗೆ ಅಂಕಣವಿಲ್ಲ. ಅವರಿರುವುದು ಮನೆಮನೆಯ ನೆನಪಿನಲ್ಲಿ. ನಿಮ್ಮ ಮನೆಯ ಹಿರಿಯರೂ ಯಾರನ್ನೋ ಕರೆದುಕೊಂಡು ವಿಕ್ಟೋರಿಯಾಕ್ಕೋ ವಾಣಿವಿಲಾಸಕ್ಕೋ ಬಂದಿರುತ್ತಾರೆ. ರಾತ್ರಿ ಎಲ್ಲಿ ಮಲಗಿದಿರಿ, ಎಲ್ಲಿ ಅಡುಗೆ ಮಾಡಿಕೊಂಡಿರಿ ಎಂದು ಒಮ್ಮೆ ಕೇಳಿ. ಹೇಳಿದ್ದನ್ನು ತಾರೀಖು ಹಾಕಿ ಬರೆದಿಡಿ.