ಮಲೇರಿಯಾ ಮದ್ದು: ಮಂಗಳೂರಿನ ಚರಿತ್ರೆ

ಬೋಳಾರ, ಜೆಪ್ಪು, ಬಂದರು ಸೇರಿದಂತೆ ಮಂಗಳೂರು ನಗರದಲ್ಲಿ 1990ರ ದಶಕದಿಂದ ಮತ್ತೆ ತಲೆ ಎತ್ತಿದ ಮಲೇರಿಯಾಕ್ಕೆ ಬಳಸುತ್ತ ಬಂದ ಔಷಧಗಳ ಇತಿಹಾಸವಿದು. ಕಟ್ಟಡಗಳು ಏಳತೊಡಗಿದಾಗ ಕಾಮಗಾರಿ ಜಾಗದ ನಿಂತ ನೀರು, ಮಹಡಿ ಮೇಲಿನ ಟ್ಯಾಂಕಿಗಳು ಅನಾಫಿಲಿಸ್ ಸ್ಟೀಫನ್ಸಿ ಸೊಳ್ಳೆಗೆ ನೆಲೆಯಾದವು.

ಮದ್ದಿನ ಕಥೆ ಅದಕ್ಕಿಂತ ಹಳೆಯದು. ಸಿಂಕೋನ ತೊಗಟೆಯಿಂದ ಕ್ವಿನೈನನ್ನು ವಿಜ್ಞಾನಿಗಳಾದ ಪೆಲ್ತಿಯೆ ಮತ್ತು ಕವಂತು 1820ರಲ್ಲಿ ಬೇರ್ಪಡಿಸಿದರು. ದಕ್ಷಿಣ ಕನ್ನಡ ಆಗ ಸೇರಿದ್ದ ಮದ್ರಾಸ್ ಪ್ರಾಂತ್ಯದ ಸರ್ಕಾರ 1860ರ ದಶಕದಲ್ಲಿ ನೀಲಗಿರಿಯಲ್ಲಿ ಸಿಂಕೋನ ಬೆಳೆಸಿತು. 1934ರಲ್ಲಿ ಜರ್ಮನಿಯ ಹಾನ್ಸ್ ಆಂಡರ್ಸಾಗ್ ಕ್ಲೋರೋಕ್ವಿನ್ ತಯಾರಿಸಿದ ಮೇಲೆ ಕ್ರಮೇಣ ಕ್ವಿನೈನ್ ಎಂಬ ಆ ಕಹಿ ಮದ್ದಿನ ಜಾಗ ಇದಕ್ಕೆ ಹೋಯಿತು.

ಮಂಗಳೂರಿನಲ್ಲಿ ಹೆಚ್ಚಿನದು ವೈವಾಕ್ಸ್ ಎಂಬ ಪರೋಪಜೀವಿಯಿಂದ ಬರುವ ಮಲೇರಿಯಾ. ಮೂರು ದಿನದ ಕ್ಲೋರೋಕ್ವಿನ್ ರಕ್ತದಲ್ಲಿರುವ ಪರೋಪಜೀವಿಯನ್ನು ಕೊಲ್ಲುತ್ತದೆ. ಯಕೃತ್ತಿನಲ್ಲಿ ಅಡಗಿ ತಿಂಗಳುಗಳ ನಂತರ ಏಳುವ ರೂಪಕ್ಕೆ ಪ್ರೈಮಾಕ್ವಿನ್ ಬೇಕು, ಅದೂ ಹದಿನಾಲ್ಕು ದಿನ. ಜ್ವರ ಬಿಟ್ಟೊಡನೆ ಮಾತ್ರೆಯನ್ನೂ ಬಿಡುವವರು ಎಲ್ಲೆಡೆ ಇದ್ದಾರೆ, ಕೆಲಸ ಮುಗಿದೊಡನೆ ಊರು ಬದಲಿಸುವ ವಲಸೆ ಕಾರ್ಮಿಕರಲ್ಲಂತೂ ಹೆಚ್ಚು. ಇಲ್ಲಿ ಕಷ್ಟವಾದದ್ದು ಮದ್ದು ಸಿಗುವುದಲ್ಲ, ಅದನ್ನು ಪೂರ್ತಿ ಮುಗಿಸುವುದು. ಗರ್ಭಿಣಿಯರಿಗೆ ಪ್ರೈಮಾಕ್ವಿನ್ ಕೊಡುವಂತಿಲ್ಲ; ಜಿ6ಪಿಡಿ ಕಿಣ್ವದ ಕೊರತೆ ಇದ್ದವರ ಕೆಂಪು ರಕ್ತಕಣಗಳನ್ನು ಅದು ಒಡೆಯಬಹುದು.

ಫಾಲ್ಸಿಪಾರಂ ಎಂಬ ಇನ್ನೊಂದು ಮಲೇರಿಯಾ ಪರೋಪಜೀವಿಯ ಕಥೆಯೇ ಬೇರೆ. 1973ರಲ್ಲಿ ಅಸ್ಸಾಮಿನಲ್ಲಿ ಅದು ಕ್ಲೋರೋಕ್ವಿನ್‌ಗೆ ಬಗ್ಗದಿರುವುದು ಭಾರತದಲ್ಲಿ ಮೊದಲು ಕಂಡಿತು. ಚೀನಾದ ತೂ ಯೂಯೂ 1970ರ ದಶಕದ ಆರಂಭದಲ್ಲಿ ಮಾಚಿಪತ್ರೆಯ ಜಾತಿಯ ಒಂದು ಗಿಡದಿಂದ ತೆಗೆದ ಆರ್ಟಿಮಿಸಿನಿನ್‌ನ ರೂಪಾಂತರಗಳನ್ನು ಮತ್ತೊಂದು ಔಷಧದೊಂದಿಗೆ ಸೇರಿಸಿ ಫಾಲ್ಸಿಪಾರಂಗೆ ಕೊಡುವುದು 2010ರ ಹೊತ್ತಿಗೆ ಭಾರತದ ನಿಯಮವಾಯಿತು. ತೀವ್ರ ಸ್ಥಿತಿಯಲ್ಲಿ ಆರ್ಟಿಸುನೇಟ್ ಚುಚ್ಚುಮದ್ದು.

2015ರಲ್ಲಿ ನಗರ ಪಾಲಿಕೆ ವ್ಯಾಪ್ತಿಯಲ್ಲಿ ಟ್ಯಾಬ್ಲೆಟ್ ಸಾಧನಗಳ ಮೂಲಕ ಪ್ರಕರಣ ದಾಖಲಿಸಿ, ಆರೋಗ್ಯ ಕಾರ್ಯಕರ್ತರು ಮನೆಗೇ ಹೋಗಿ ಚಿಕಿತ್ಸೆ ಮುಗಿಯಿತೇ ಎಂದು ನೋಡುವ ವ್ಯವಸ್ಥೆ ಬಂತು. ಮುಂದಿನ ವರ್ಷಗಳಲ್ಲಿ ಪ್ರಕರಣಗಳು ಬಹಳ ಇಳಿದವು.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಆರ್‌ಟಿಎಸ್,ಎಸ್ ಲಸಿಕೆಯನ್ನೂ 2023ರಲ್ಲಿ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುವ ಆರ್21 ಲಸಿಕೆಯನ್ನೂ ಶಿಫಾರಸು ಮಾಡಿತು. ಎರಡೂ ಫಾಲ್ಸಿಪಾರಂ ವಿರುದ್ಧದವು. ಮಂಗಳೂರನ್ನು ಹೆಚ್ಚು ಕಾಡಿದ ವೈವಾಕ್ಸ್‌ಗೆ ಅನುಮೋದನೆ ಪಡೆದ ಲಸಿಕೆ ಇನ್ನೂ ಇಲ್ಲ.